ಕುಕ್ಕುಟ ಲಕ್ಷಣ: ಹುಂಜವನ್ನು ನೋಡಿದ ಕಣ್ಣುಗಳು

ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಊರು ಬಾಳ್ಳುಪೇಟೆ. ಬಯಲುಸೀಮೆ ಮುಗಿದು ಮಲೆ ಆರಂಭವಾಗುವ ಎಡೆ ಅದು. ನನ್ನ ಬಾಲ್ಯದಲ್ಲಿ ಅಲ್ಲಿಯ ಸಂತೆಯ ಒಂದು ಮೂಲೆಯಲ್ಲಿ ಕೋಳಿಗಳನ್ನು ಬುಟ್ಟಿಯಲ್ಲಿಟ್ಟು, ಕಾಲು ಕಟ್ಟಿ ಮಾರುತ್ತಿದ್ದರು. ನಮ್ಮ ಮನೆಯಲ್ಲಿ ಕೋಳಿ ಸಾಕುವ ರೂಢಿ ಇರಲಿಲ್ಲ. ಆದ್ದರಿಂದಲೇ ಏನೋ, ಆ ಮೂಲೆಯ ವ್ಯವಹಾರ ನನಗೆ ಕುತೂಹಲದ್ದಾಗಿತ್ತು. ನೆರೆಮನೆಯ ಹಿರಿಯರೊಬ್ಬರು ಹುಂಜ ಆರಿಸುವುದರಲ್ಲಿ ಹೆಸರಾದವರು. ಅವರು ಮೊದಲು ದೂರ ನಿಂತು ನೋಡುವರು. ಬಳಿಕ ಹತ್ತಿರ ಹೋಗಿ ರೆಕ್ಕೆಯ ಬುಡಕ್ಕೆ ಕೈಹಾಕಿ ಎತ್ತಿ ತೂಕ ನೋಡುವರು. ಎದೆಯ ಮೂಳೆಯ ಮೇಲೆ ಹೆಬ್ಬೆರಳು ಓಡಿಸುವರು. ಜುಟ್ಟಿನ ಬಣ್ಣ, ಕಣ್ಣಿನ ಹೊಳಪು, ಕಾಲಿನ ಹುರುಪೆ, ಹಿಂಗಾಲಿನ ಮುಳ್ಳು, ಬೆರಳುಗಳ ನೇರ ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸುವರು. ಕೊನೆಗೆ ಒಂದೇ ಮಾತು: ‘ಇದು ಲಕ್ಷಣದ ಹುಂಜ’ ಅಥವಾ ‘ಇದಕ್ಕೆ ಲಕ್ಷಣವಿಲ್ಲ’.

‘ಲಕ್ಷಣ’ ಎಂಬ ಆ ಶಬ್ದವನ್ನು ಅವರು ಯಾವ ಶಾಸ್ತ್ರದಿಂದಲೂ ಕಲಿತಿರಲಿಲ್ಲ. ಆದರೆ ಶಾಸ್ತ್ರಗಳು ಬಳಸಿದ್ದೂ ಅದೇ ಶಬ್ದವನ್ನೇ. ಪ್ರಾಚೀನ ಭಾರತದಲ್ಲಿ ‘ಕುಕ್ಕುಟ ಲಕ್ಷಣ’ ಎಂಬುದೊಂದು ವಿದ್ಯೆಯಾಗಿತ್ತು. ಅದಕ್ಕೆ ಗ್ರಂಥಗಳಲ್ಲಿ ಸ್ಥಾನವಿತ್ತು, ರಾಜಸಭೆಯಲ್ಲಿ ಮನ್ನಣೆಯಿತ್ತು, ಶ್ರಮಣ ಪರಂಪರೆಯಲ್ಲಿ ನಿಷೇಧವೂ ಇತ್ತು. ಈ ವಿದ್ಯೆಯ ಹಿನ್ನೆಲೆಯನ್ನು ಬಲ್ಲವರಿಗೆ ಕನ್ನಡದ ಒಂದು ಮಹತ್ತ್ವದ ಕಾವ್ಯ, ಜನ್ನನ ‘ಯಶೋಧರ ಚರಿತೆ’, ಬೇರೊಂದು ಬೆಳಕಿನಲ್ಲಿ ಕಾಣುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಹೆಸರುಗಳಿಂದಲೇ ಆರಂಭಿಸೋಣ. ಅಮರಸಿಂಹನ ಕೋಶದಲ್ಲಿ ಹುಂಜಕ್ಕೆ ಕುಕ್ಕುಟ, ಕೃಕವಾಕು, ತಾಮ್ರಚೂಡ, ಚರಣಾಯುಧ ಎಂಬ ನಾಲ್ಕು ಪರ್ಯಾಯಗಳು ಸಿಗುತ್ತವೆ. ‘ಕುಕ್ಕುಟ’ ಅನುಕರಣ ಶಬ್ದ. ಹಕ್ಕಿಯ ಕೂಗೇ ಅದರ ಹೆಸರಾಗಿದೆ. ‘ಕೃಕವಾಕು’ವಿನಲ್ಲಿ ಕೊರಳಿನಿಂದ ಹೊಮ್ಮುವ ದನಿ ಇದೆ. ‘ತಾಮ್ರಚೂಡ’ದಲ್ಲಿ ತಾಮ್ರವರ್ಣದ ಜುಟ್ಟು, ‘ಚರಣಾಯುಧ’ದಲ್ಲಿ ಕಾಲಿನ ಮುಳ್ಳು. ದನಿ, ಜುಟ್ಟು, ಕಾಲು: ಸಂತೆಯಲ್ಲಿ ನಮ್ಮ ಹಿರಿಯರು ಗಮನಿಸುತ್ತಿದ್ದ ಅಂಗಗಳೂ ಹೆಚ್ಚು ಕಡಿಮೆ ಇವೇ. ಪರ್ಯಾಯ ಪದಗಳೆಂದು ನಾವು ಬಾಯಿಪಾಠ ಮಾಡುವ ಈ ಶಬ್ದಗಳು ವಾಸ್ತವವಾಗಿ ಪರೀಕ್ಷೆಯ ಅಂಶಗಳ ಪಟ್ಟಿಯಂತಿವೆ. ನಮ್ಮ ‘ಕೋೞಿ’, ತಮಿಳಿನ ಕೋೞಿ, ತೆಲುಗಿನ ಕೋಡಿ, ತುಳುವಿನ ಕೋರಿ ಒಂದೇ ಬೇರಿನವು. ದ್ರಾವಿಡ ಭಾಷೆಗಳಿಗೆ ಈ ಹಕ್ಕಿಯ ಪರಿಚಯ ಎಷ್ಟು ಹಳೆಯದೆಂಬುದನ್ನು ಈ ಸಾಮ್ಯವೇ ಸೂಚಿಸುತ್ತದೆ.

ಲಕ್ಷಣಗಳನ್ನು ಕ್ರಮಬದ್ಧವಾಗಿ ಹೇಳಿದವರಲ್ಲಿ 6ನೆಯ ಶತಮಾನದ ವರಾಹಮಿಹಿರ ಮುಖ್ಯ. ಅವನ ‘ಬೃಹತ್ಸಂಹಿತೆ’ಯಲ್ಲಿ ಗೋವು, ನಾಯಿ, ಆಮೆ, ಆಡು, ಕುದುರೆ, ಆನೆ, ಕೊನೆಗೆ ಮನುಷ್ಯ, ಹೀಗೆ ಒಂದೊಂದರ ಲಕ್ಷಣಕ್ಕೂ ಒಂದೊಂದು ಅಧ್ಯಾಯವಿದೆ. ನಾಯಿಗೂ ಆಮೆಗೂ ನಡುವೆ ಕುಕ್ಕುಟಕ್ಕೆ ಸಂದಿರುವುದು ಪುಟ್ಟದೊಂದು ಅಧ್ಯಾಯ. ಅದರ ಸಾರ ಇಷ್ಟು: ಗರಿಗಳೂ ಬೆರಳುಗಳೂ ನೇರವಾಗಿರುವ, ಮುಖ, ಉಗುರು, ಜುಟ್ಟು ತಾಮ್ರದಂತೆ ಕೆಂಪಾಗಿರುವ, ಮೈ ಬೆಳ್ಳಗಿರುವ, ಇರುಳು ಕಳೆಯುವ ಹೊತ್ತಿಗೆ ಇಂಪಾಗಿ ಕೂಗುವ ಹುಂಜ ಅರಸನಿಗೂ ನಾಡಿಗೂ ಕುದುರೆಗಳಿಗೂ ಏಳಿಗೆ ತರುತ್ತದೆ. ಜವೆಗೋಧಿಯ ಕಾಳಿನಂಥ ಕೊರಳುಳ್ಳದ್ದು, ಮಾಗಿದ ಬೋರೆಹಣ್ಣಿನ ಬಣ್ಣದ್ದು, ದೊಡ್ಡ ತಲೆಯದು, ಹಲವು ಬಣ್ಣಗಳಿಂದ ಚೆಲುವಾದದ್ದು ಕಾಳಗಕ್ಕೆ ಪ್ರಶಸ್ತ. ಜೇನಿನ ಅಥವಾ ದುಂಬಿಯ ಬಣ್ಣದ್ದು ಗೆಲುವು ತರುತ್ತದೆ. ಬಡಕಲು ಮೈಯದು, ಕ್ಷೀಣವಾದ ದನಿಯದು, ಕುಂಟುವ ಕಾಲಿನದು ತ್ಯಾಜ್ಯ. ಹೇಂಟೆಗೂ ಒಂದು ಪದ್ಯ ಮೀಸಲಾಗಿದೆ: ಮೆಲುದನಿ, ನುಣುಪಾದ ಮೈ, ಚೆಲುವಾದ ಮುಖ ಮತ್ತು ಕಣ್ಣುಗಳುಳ್ಳ ಹೇಂಟೆ ಅರಸರಿಗೆ ಸಿರಿಯನ್ನೂ ಕೀರ್ತಿಯನ್ನೂ ಕೊಡುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಒಂದೇ ಹಕ್ಕಿಗೆ ಎರಡು ಮಾನದಂಡಗಳಿವೆ. ಅರಮನೆಯ ಶುಭಕ್ಕೆ ಬೇಕಾದ ಹುಂಜ ಬೇರೆ, ಕಣದಲ್ಲಿ ಗೆಲ್ಲಬೇಕಾದ ಹುಂಜ ಬೇರೆ. ಎರಡು, ಲಕ್ಷಣದ ಫಲ ಹುಂಜಕ್ಕೆ ಸಲ್ಲುವುದಿಲ್ಲ. ಉಗುರು ಕೆಂಪಾಗಿದ್ದರೆ ಏಳಿಗೆ ಅರಸನಿಗೆ. ಬಣ್ಣ ಜೇನಿನಂತಿದ್ದರೆ ಗೆಲುವು ಒಡೆಯನಿಗೆ. ಪರೀಕ್ಷೆಗೆ ಒಳಗಾಗುವ ಜೀವ ಒಂದು, ಫಲ ಉಣ್ಣುವ ಜೀವ ಮತ್ತೊಂದು. ಮುಂದೆ ಜನ್ನನ ಕಾವ್ಯವನ್ನು ನೋಡುವಾಗ ಈ ಅಂಶ ನೆನಪಿನಲ್ಲಿರಬೇಕು.

ತಳಿಯ ಕಲ್ಪನೆಯೂ ಹೊಸದಲ್ಲ. ದಂಡಿಯ ‘ದಶಕುಮಾರ ಚರಿತ’ದಲ್ಲಿ ಪ್ರಮತಿ ದಾರಿಯಲ್ಲಿ ಒಂದು ಕೋಳಿಯಂಕವನ್ನು ಕಂಡು ನಸುನಗುತ್ತಾನೆ. ‘ನಾರಿಕೇಲ’ ಜಾತಿಯ ಹುಂಜದ ಮುಂದೆ ‘ಬಲಾಕಾ’ ಜಾತಿಯ ಹುಂಜವನ್ನು ಬಿಟ್ಟಿದ್ದಾರೆ. ಬಲದಲ್ಲಿ, ಗಾತ್ರದಲ್ಲಿ ಇದು ಸರಿಜೋಡಿಯಲ್ಲ ಎಂಬುದು ಅವನ ನಗೆಗೆ ಕಾರಣ. ಒಂದೇ ನೋಟದಲ್ಲಿ ಜಾತಿ ಗುರುತಿಸಿ, ಆ ಜಾತಿಯ ಕಸುವನ್ನು ಅಳೆದು, ಫಲಿತಾಂಶವನ್ನು ಊಹಿಸುವ ಕುಶಲತೆ ರಾಜಕುಮಾರನಿಗೆ ಶೋಭಿಸುವ ಗುಣವೆಂದೇ ದಂಡಿ ಚಿತ್ರಿಸಿದ್ದಾನೆ. ವಾತ್ಸ್ಯಾಯನನ 64 ಕಲೆಗಳಲ್ಲಿ ಟಗರು, ಹುಂಜ, ಲಾವುಗೆಗಳ ಕಾಳಗದ ವಿಧಾನವೂ ಒಂದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದವೂ ಬರುತ್ತದೆ. ಕನ್ನಡ ನೆಲದ ಅರಮನೆಗಳಲ್ಲಿ ಈ ವಿದ್ಯೆಗೆ ನೆಲೆಯಿತ್ತೆಂಬುದಕ್ಕೆ ಬೇರೆ ಪುರಾವೆ ಬೇಡ.

ಇನ್ನು ಜೈನ ಆಕರಗಳಿಗೆ ಬರೋಣ. ಶ್ವೇತಾಂಬರ ಆಗಮಗಳಲ್ಲಿ ಹಲವೆಡೆ 72 ಕಲೆಗಳ ಪಟ್ಟಿ ಇದೆ. ‘ನಾಯಾಧಮ್ಮಕಹಾಓ’ದಲ್ಲಿ ರಾಜಪುತ್ರ ಮೇಘಕುಮಾರ ಕಲಾಚಾರ್ಯನಲ್ಲಿ ಕಲಿಯುವ ವಿದ್ಯೆಗಳಲ್ಲಿ ಸ್ತ್ರೀ, ಪುರುಷ, ಕುದುರೆ, ಆನೆ, ಗೋವುಗಳ ಲಕ್ಷಣಗಳೊಡನೆ ‘ಕುಕ್ಕುಡಲಕ್ಖಣ’ವೂ ಸೇರಿದೆ. ಹುಂಜದ ಲಕ್ಷಣ ಬಲ್ಲದ್ದು ರಾಜಕುಮಾರನ ಶಿಕ್ಷಣದ ಒಂದು ಭಾಗವೆಂದು ಆಗಮಗಳು ಸಹಜವಾಗಿ ಒಪ್ಪಿಕೊಂಡಿವೆ. ಆದರೆ ಅದೇ ಮೇಘಕುಮಾರ ಮುಂದೆ ದೀಕ್ಷೆ ಪಡೆಯುತ್ತಾನೆ. ಮುನಿಯಾದವನಿಗೆ ಲಕ್ಷಣವಿದ್ಯೆ ವರ್ಜ್ಯ. ಲಕ್ಷಣ, ಸ್ವಪ್ನ, ಶಕುನಗಳ ವಿದ್ಯೆಯಿಂದ ಜೀವಿಸದವನೇ ಭಿಕ್ಷು ಎಂಬುದು ‘ಉತ್ತರಾಧ್ಯಯನ’ದ ನಿಲುವು. ಬೌದ್ಧರ ‘ಬ್ರಹ್ಮಜಾಲ ಸುತ್ತ’ವೂ ಶ್ರಮಣರು ದೂರವಿಡಬೇಕಾದ ಕೀಳು ವಿದ್ಯೆಗಳಲ್ಲಿ ‘ಕುಕ್ಕುಟಲಕ್ಖಣ’ವನ್ನು ಹೆಸರಿಸಿಯೇ ಹೇಳುತ್ತದೆ. ಒಂದೇ ಜ್ಞಾನ ಅರಮನೆಯಲ್ಲಿ ಕಲೆ, ಮಠದಲ್ಲಿ ದೋಷ.

ಗೃಹಸ್ಥನ ವಿಷಯವೇನು? 12ನೆಯ ಶತಮಾನದ ಹೇಮಚಂದ್ರ ‘ಯೋಗಶಾಸ್ತ್ರ’ದಲ್ಲಿ ಶ್ರಾವಕನು ಮಾಡಬಾರದ 15 ವೃತ್ತಿಗಳನ್ನು ವಿವರಿಸುವಾಗ, ಹಣಕ್ಕಾಗಿ ಸಾಕಬಾರದ ಪ್ರಾಣಿಗಳ ಸಾಲಿನಲ್ಲಿ ಗಿಳಿ, ಬೆಕ್ಕು, ನಾಯಿಗಳೊಂದಿಗೆ ಹುಂಜವನ್ನೂ ಸೇರಿಸಿದ್ದಾನೆ. ಇದಕ್ಕೂ ಬಹಳ ಹಿಂದೆ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಹುಂಜಗಳ ಬೀಜ ಒಡೆಯುವುದನ್ನು ನಿಷೇಧಿಸಿದ್ದನ್ನು ಇಲ್ಲಿ ನೆನೆಯಬಹುದು. ಹಾಗೆಂದು ಜೈನ ಸಂಸ್ಕೃತಿಯಲ್ಲಿ ಕುಕ್ಕುಟ ಹೇಯವಾದ ಹಕ್ಕಿಯಲ್ಲ. ಪದ್ಮಾವತೀ ಯಕ್ಷಿಯ ವಾಹನ ಕುಕ್ಕುಟಸರ್ಪ. ಪೌದನಪುರದಲ್ಲಿ ಭರತನು ನಿಲ್ಲಿಸಿದ ಬಾಹುಬಲಿಯ ಬಿಂಬವನ್ನು ಕುಕ್ಕುಟಸರ್ಪಗಳು ಮುತ್ತಿದವೆಂದೂ ಅದಕ್ಕೆ ‘ಕುಕ್ಕುಟೇಶ್ವರ’ ಎಂಬ ಹೆಸರು ಬಂತೆಂದೂ ಶ್ರವಣಬೆಳಗೊಳದ ಬೊಪ್ಪಣ ಪಂಡಿತನ ಶಾಸನ ಹೇಳುತ್ತದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಗುರು ಶುಭಚಂದ್ರ ಸಿದ್ಧಾಂತದೇವರು. ಅವರ ಗುರುವಿನ ಬಿರುದು ‘ಕುಕ್ಕುಟಾಸನ ಮಲಧಾರಿದೇವ’. ಹಾಸನ ಜಿಲ್ಲೆಯ ಶಾಸನಗಳನ್ನು ಓದುವವರಿಗೆ ಈ ಹೆಸರು ಅಪರಿಚಿತವಲ್ಲ.

ಮತ್ತೆ ಜನಪದದ ಕಡೆಗೆ. ತುಳುನಾಡಿನ ಕೋರಿಕಟ್ಟದಲ್ಲಿ ಹುಂಜಗಳನ್ನು ಬಣ್ಣದಿಂದ ವಿಂಗಡಿಸುವ ಪದ್ಧತಿ ಇದೆ. ಬೊಳ್ಳೆ, ನೀಲೆ, ಕುಪ್ಪುಳೆ, ಕೆಮ್ಮೈರೆ, ಉರಿಯೆ ಮೊದಲಾದ ಹೆಸರುಗಳು ಪುಕ್ಕದ ಬಣ್ಣವನ್ನೂ ಅದರ ಮಿಶ್ರಣವನ್ನೂ ಸೂಚಿಸುತ್ತವೆ. ಯಾವ ದಿನ ಯಾವ ಬಣ್ಣದ್ದು ಯಾವುದನ್ನು ಗೆಲ್ಲುತ್ತದೆಂದು ತಿಳಿಸುವ ‘ಕುಕ್ಕುಟ ಪಂಚಾಂಗ’ವೂ ಬಳಕೆಯಲ್ಲಿದೆ. ತೆಲುಗರ ಕುಕ್ಕುಟಶಾಸ್ತ್ರದಲ್ಲಿ ಕಾಕಿ, ಡೇಗ, ನೆಮಲಿ ಎಂದು ಕಾಗೆ, ಗಿಡುಗ, ನವಿಲುಗಳ ಹೆಸರಿನಲ್ಲಿ ಇದೇ ಬಗೆಯ ವಿಂಗಡಣೆ ನಡೆಯುತ್ತದೆ. ವರಾಹಮಿಹಿರನ ಬೋರೆ, ಜೇನು, ದುಂಬಿಗಳ ಬಣ್ಣಕ್ಕೂ ಇವಕ್ಕೂ ನೇರ ಸಂಬಂಧವಿದೆಯೆಂದು ಸಾಧಿಸುವುದು ನನ್ನ ಉದ್ದೇಶವಲ್ಲ; ನೋಡುವ ಕ್ರಮ ಒಂದೇ ಎಂಬುದಷ್ಟೇ ಗಮನಾರ್ಹ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಪ್ರಕಾರ ಪ್ರಾಣಿಗಳ ಕಾಳಗ ಏರ್ಪಡಿಸುವುದು ಅಪರಾಧ. ಆದರೂ ಹುಂಜದ ಬಣ್ಣ ಹೇಳುವ ಈ ಶಬ್ದಸಂಪತ್ತನ್ನು ಕೋಶಕಾರರು ಕಳೆದುಕೊಳ್ಳಬಾರದು. ಕಾಳಗ ನಿಲ್ಲಬೇಕೆನ್ನುವವನೂ ಶಬ್ದ ಉಳಿಯಬೇಕೆನ್ನಬಹುದು.

ಪಶ್ಚಿಮದಲ್ಲಿ ಈ ಪರಿವರ್ತನೆ ಕುತೂಹಲಕರವಾಗಿ ನಡೆಯಿತು. ಇಂಗ್ಲೆಂಡಿನಲ್ಲಿ 1835ರಲ್ಲಿ ಕೋಳಿಕಾಳಗ ನಿಷಿದ್ಧವಾಯಿತು. 1845ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದ ಆವರಣದಲ್ಲಿ ಕೋಳಿ ಪ್ರದರ್ಶನ ಏರ್ಪಟ್ಟಿತು. 1865ರಲ್ಲಿ ಪ್ರದರ್ಶನದ ಕೋಳಿಗಳಿಗೆ ಮಾನದಂಡದ ಪುಸ್ತಕ ಬಂದಿತು. ಅಮೆರಿಕದ ಸಂಘ 1874ರಲ್ಲಿ ತನ್ನದನ್ನು ಪ್ರಕಟಿಸಿತು. ಕಣದಲ್ಲಿ ಗೆಲುವನ್ನು ನಿರ್ಣಯಿಸುತ್ತಿದ್ದ ಕಣ್ಣು ಈಗ ಪಂಜರದ ಮುಂದೆ ನಿಂತು ಅಂಕ ಹಾಕತೊಡಗಿತು. ಜುಟ್ಟಿಗೆ ಇಷ್ಟು, ಕೊರಳಿಗೆ ಇಷ್ಟು, ಬಾಲಕ್ಕೆ ಇಷ್ಟು ಎಂದು ಅಂಕಗಳನ್ನು ಹಂಚಿ, ತಳಿಗೆ ಸಲ್ಲದ ಜುಟ್ಟು, ಡೊಂಕಾದ ಬೆನ್ನು, ತಪ್ಪಾದ ಬೆರಳೆಣಿಕೆ ಇವನ್ನು ಅನರ್ಹತೆಯೆಂದು ಗುರುತಿಸುವ ಪದ್ಧತಿ ಬೆಳೆಯಿತು. ವಿಪರ್ಯಾಸವೆಂದರೆ ಕನ್ನಡದಲ್ಲಿ ‘ಅಂಕ’ ಎಂದರೆ ಕಾಳಗವೂ ಹೌದು, ಎಣಿಕೆಯೂ ಹೌದು. ಕೋಳಿಯಂಕ ಹೋಗಿ ಕೋಳಿಗೆ ಅಂಕ ಬಂದಿತು!

ನಮ್ಮ ದೇಶದ ಕಾಳಗದ ತಳಿ ‘ಅಸೀಲ್’. ಅರಬ್ಬಿ ಮೂಲದ ಈ ಶಬ್ದಕ್ಕೆ ಕುಲೀನ, ಅಪ್ಪಟ ಎಂಬ ಅರ್ಥವಿದೆ. ನೆಟ್ಟಗೆ ನಿಲ್ಲುವ ಮೈ, ನೀಳವಾದ ಕೊರಳು, ತಲೆಗೆ ಅಂಟಿಕೊಂಡ ಗಿಡ್ಡ ಜುಟ್ಟು, ಗಲ್ಲದ ಕೆಳಗೆ ಜೋಲು ಇಲ್ಲವೆನ್ನುವಷ್ಟು ಕಡಮೆ, ಗಟ್ಟಿಯಾಗಿ ಒತ್ತಿಕೊಂಡ ವಿರಳ ಪುಕ್ಕ, ಕೆಳಕ್ಕೆ ಇಳಿದ ಬಾಲ ಇವು ಅದರ ಲಕ್ಷಣಗಳು. ಎದುರಾಳಿ ಕೊಕ್ಕಿನಿಂದ ಹಿಡಿದೆಳೆಯಲು ಸಿಗಬಾರದ ಅಂಗಗಳೆಲ್ಲ ಇಲ್ಲಿ ಕಿರಿದಾಗಿವೆ. ಚೆಲುವೆಂದು ನಾವು ಹೊಗಳುವುದು ಕಾಳಗದ ಅನುಕೂಲವೇ ಹೌದು. ಇದಕ್ಕೆ ತದ್ವಿರುದ್ಧ ನಮ್ಮ ಸಕಲೇಶಪುರದ ಮಲೆಗಳ ಕಾಡುಕೋಳಿ. ಬೂದು ಮೈ, ಕೊರಳ ಗರಿಗಳ ಮೇಲೆ ಮೇಣದ ಹನಿಯಂಥ ಹಳದಿ ಚುಕ್ಕೆಗಳು. ಯಾವ ಮಾನದಂಡಕ್ಕೂ ಅದು ತಲೆಬಾಗಿದ್ದಿಲ್ಲ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯೇ ಆದರೂ, ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಈ ಬೂದು ಕಾಡುಕೋಳಿಯಿಂದ ಬಂದಿತೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜಗತ್ತಿನ ಹಲವು ತಳಿಗಳ ಮಾನದಂಡದಲ್ಲಿ ‘ಕಾಲು ಹಳದಿಯಾಗಿರಬೇಕು’ ಎಂದಿರುವುದನ್ನು ಓದುವಾಗ, ಆ ಹಳದಿ ಇಂಥ ಕಾಡುಗಳಿಂದ ಹೋದದ್ದೆಂದು ನೆನೆಯುವುದು ಬಾಳ್ಳುಪೇಟೆಯವನಿಗೆ ಸಂತೋಷದ ಸಂಗತಿ.

ಈಗ ಜನ್ನ. ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಬಿರುದು ಪಡೆದ ಜನ್ನ ‘ಯಶೋಧರ ಚರಿತೆ’ಯನ್ನು 1209ರಲ್ಲಿ ರಚಿಸಿದನು. ಅವನ ಕವಿತೆಗೆ ಆಶ್ರಯವಿತ್ತ ಹೊಯ್ಸಳರ ರಾಜಧಾನಿ ದೋರಸಮುದ್ರ ನಮ್ಮ ಹಾಸನ ಜಿಲ್ಲೆಯದೇ. ಕಥೆ ಅವನದಲ್ಲ, ಮಾನ್ಯಖೇಟದಲ್ಲಿದ್ದ ಪುಷ್ಪದಂತನ ಅಪಭ್ರಂಶ ಕಾವ್ಯ, 959ರ ಸೋಮದೇವನ ‘ಯಶಸ್ತಿಲಕ’, ವಾದಿರಾಜನ ಸಂಸ್ಕೃತ ಕಾವ್ಯ ಅವನಿಗಿಂತ ಹಿಂದಿನವು. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ಮಾವುತನಿಗೆ ಒಲಿದುದನ್ನು ಕಂಡು, ತಾಯಿ ಚಂದ್ರಮತಿಯ ಮುಂದೆ ಅದನ್ನು ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ಶಾಂತಿಗೆ ಜೀವಬಲಿ ಕೊಡೆಂದು ತಾಯಿ, ಕೊಲ್ಲಲಾರೆನೆಂದು ಮಗ. ಕೊನೆಗೆ ಹಿಟ್ಟಿನ ಕೋಳಿಯ ಬಲಿಗೆ ಅವನು ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ತಾಯಿಮಕ್ಕಳಿಬ್ಬರೂ ರಾಣಿಯ ವಿಷಕ್ಕೆ ಬಲಿಯಾಗಿ, ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ನವೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಈ ಕಾವ್ಯವನ್ನು ಪಾಠ ಮಾಡುವಾಗ ಆಲೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ನಾನು ಅಂದು ಸರಿಯಾದ ಉತ್ತರ ಕೊಡಲಿಲ್ಲ. ಅವಳದು ಕೋಳಿ ಸಾಕುವ ಮನೆ. ‘ಸರ್, ಕೊಲ್ಲಬಾರದು ಅಂತಲೇ ಹಿಟ್ಟಿನ ಕೋಳಿ ಮಾಡಿದರಲ್ಲ, ಹಾಗಾದರೆ ಅದಕ್ಕೆ ಜುಟ್ಟು, ಪುಕ್ಕ, ಬಣ್ಣ ಎಲ್ಲ ಯಾಕೆ ಬೇಕಿತ್ತು? ಒಂದು ಮುದ್ದೆ ಹಿಟ್ಟು ಇಟ್ಟು ಕಡಿದಿದ್ದರೆ ಆಗುತ್ತಿರಲಿಲ್ಲವೇ?’ ಎಂದಳು. ‘ಕಾವ್ಯದ ಸೊಗಸಿಗಾಗಿ’ ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋದೆ. ಅವಳು ಪುಸ್ತಕದ ಕಡೆ ತಲೆ ತಗ್ಗಿಸಿದಳು. ಉತ್ತರ ಅವಳಿಗೆ ಒಪ್ಪಿಗೆಯಾಗಿರಲಿಲ್ಲವೆಂಬುದು ನನಗೆ ತಿಳಿಯಿತು, ನನಗೂ ಆಗಿರಲಿಲ್ಲ.

ಉತ್ತರ ಇರುವುದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದಲ್ಲಿ. ವಸ್ತುವನ್ನು ಗ್ರಹಿಸುವ ನಾಲ್ಕು ನಿಕ್ಷೇಪಗಳನ್ನು ಅದು ಹೇಳುತ್ತದೆ: ನಾಮ, ಸ್ಥಾಪನೆ, ದ್ರವ್ಯ, ಭಾವ. ಒಂದು ವಸ್ತುವಿನಲ್ಲಿ ‘ಇದು ಅದೇ’ ಎಂದು ಮತ್ತೊಂದನ್ನು ನೆಲೆಗೊಳಿಸುವುದು ಸ್ಥಾಪನೆ. ವ್ಯಾಖ್ಯಾನಕಾರರು ಇದರಲ್ಲಿ ಎರಡು ಬಗೆ ಹೇಳುತ್ತಾರೆ. ಆಕಾರದ ಹೋಲಿಕೆಯಿದ್ದರೆ ತದಾಕಾರ, ಇಲ್ಲದಿದ್ದರೆ ಅತದಾಕಾರ. ಜಿನಬಿಂಬ ತದಾಕಾರ ಸ್ಥಾಪನೆ. ಚದುರಂಗದ ಕಾಯಿಯನ್ನು ಆನೆ, ಕುದುರೆ ಎನ್ನುವುದು ಅತದಾಕಾರ. ಹಿಟ್ಟಿನ ಕೋಳಿ ತದಾಕಾರ ಸ್ಥಾಪನೆ. ಜುಟ್ಟು ಕೆಂಪಾದಷ್ಟೂ, ಪುಕ್ಕದ ಬಣ್ಣ ಮಿಂಚಿದಷ್ಟೂ, ಕಾಲಿನ ಮುಳ್ಳು ಚೂಪಾದಷ್ಟೂ ಅದು ‘ಕೋಳಿ’ಯಾಗುತ್ತ ಹೋಗುತ್ತದೆ, ಕೈಯಲ್ಲಿ ಕತ್ತಿ ಹಿಡಿದವನ ಮನಸ್ಸಿನಲ್ಲಿ ‘ಕೋಳಿಯನ್ನು ಕೊಲ್ಲುತ್ತಿದ್ದೇನೆ’ ಎಂಬ ಸಂಕಲ್ಪ ಪೂರ್ಣವಾಗುತ್ತ ಹೋಗುತ್ತದೆ. ಪ್ರಮತ್ತಯೋಗದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂಬ ಸೂತ್ರದಲ್ಲಿ ಮೊದಲ ಒತ್ತು ಇರುವುದು ಪ್ರಮಾದದ ಮೇಲೆ. ಬಿಂಬವನ್ನು ಪೂಜಿಸಿದವನಿಗೆ ಪುಣ್ಯವುಂಟೆಂದು ಒಪ್ಪುವವನು ಬಿಂಬವನ್ನು ಕಡಿದವನಿಗೆ ಪಾಪವಿಲ್ಲವೆಂದು ಹೇಳಲಾರ. ಮುದ್ದೆ ಹಿಟ್ಟನ್ನು ಕಡಿದಿದ್ದರೂ ಸಂಕಲ್ಪವಿದ್ದಲ್ಲಿ ದೋಷ ತಪ್ಪುತ್ತಿರಲಿಲ್ಲ. ಆದರೆ ಲಕ್ಷಣಗಳು ಆ ಸಂಕಲ್ಪಕ್ಕೆ ಗುರಿ ಒದಗಿಸಿದವು. ಕೊಲ್ಲದಿರಲು ಮಾಡಿದ ಉಪಾಯವೇ ಕೊಲೆಗೆ ಬೇಕಾದ ರೂಪವನ್ನು ಕೊಟ್ಟಿತು.

ಲಕ್ಷಣಶಾಸ್ತ್ರವನ್ನು ಮನಸ್ಸಿನಲ್ಲಿಟ್ಟು ಕಥೆಯ ಕೊನೆಯ ಪ್ರಾಣಿಜನ್ಮವನ್ನು ನೋಡಬೇಕು. ತಾಯಿಮಕ್ಕಳು ಕೋಳಿಗಳಾಗಿ ಹುಟ್ಟಿ ಚಂಡಕರ್ಮನ ಪಂಜರ ಸೇರುತ್ತಾರೆ. ಅವನು ಉದ್ಯಾನದಲ್ಲಿ ಮುನಿಯಿಂದ ಧರ್ಮ ಕೇಳುವಾಗ ಪಂಜರದ ಕೋಳಿಗಳೂ ಕೇಳುತ್ತವೆ. ಹಿಂದಿನ ಜನ್ಮಗಳ ನೆನಪಾಗಿ, ವ್ರತ ಹಿಡಿದು, ಹಿಗ್ಗಿನಿಂದ ಕೂಗುತ್ತವೆ. ಅರಸ ಯಶೋಮತಿ, ಯಶೋಧರನ ಮಗ, ರಾಣಿ ಕುಸುಮಾವಳಿಗೆ ತನ್ನ ಶಬ್ದವೇಧಿ ಕೌಶಲ ತೋರಿಸಲು ಆ ದನಿಗೆ ಬಾಣ ಬಿಡುತ್ತಾನೆ. ತಂದೆಯೂ ಅಜ್ಜಿಯೂ ಸಾಯುತ್ತಾರೆ. ಕುಸುಮಾವಳಿಯ ಬಸಿರಿನಲ್ಲೇ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಹುಟ್ಟುತ್ತಾರೆ. ಇಂಪಾಗಿ ಕೂಗುವ ಹುಂಜ ಅರಸನಿಗೆ ಏಳಿಗೆ ತರುತ್ತದೆಂದಿತ್ತು ಶಾಸ್ತ್ರ. ಇಲ್ಲಿ ಅರಸನು ಕೂಗನ್ನು ಕೇಳಿದ್ದಾನೆ, ಎಷ್ಟು ದೂರ, ಯಾವ ದಿಕ್ಕು ಎಂದು ಕರಾರುವಾಕ್ಕಾಗಿ ಅಳೆದಿದ್ದಾನೆ. ಕೂಗಿದವರಾರೆಂದು ಮಾತ್ರ ಅರಿತಿಲ್ಲ. ‘ಕೃಕವಾಕು’ವಿಗೆ ದನಿಯೇ ಹೆಸರಾಗಿತ್ತು, ದನಿಯೇ ಗುರಿಯೂ ಆಯಿತು. ಲಕ್ಷಣವನ್ನು ಪೂರ್ತಿಯಾಗಿ ಗ್ರಹಿಸಿಯೂ ಜೀವವನ್ನು ಗುರುತಿಸದ ಕಿವಿಯ ಚಿತ್ರವಿದು. ಮೊದಲ ಸಲ ಹಿಟ್ಟಿನ ಕೋಳಿ ಕೂಗಿದಾಗ ಯಶೋಧರ ಬೆದರಿದನು. ಕೊನೆಯ ಸಲ ತಾನೇ ಕೋಳಿಯಾಗಿ ಕೂಗಿದನು. ಈ ಎರಡು ಕೂಗುಗಳ ನಡುವೆ ಕಥೆಯ ಭವಾವಳಿಯೆಲ್ಲ ನಿಂತಿದೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ವಸ್ತುವನ್ನು ಮತ್ತೆ ಎತ್ತಿಕೊಂಡದ್ದು ಅದರ ಕಸುವು ಬತ್ತಿಲ್ಲವೆಂಬುದಕ್ಕೆ ಸಾಕ್ಷಿ.

ಹಾಗಾದರೆ ಲಕ್ಷಣ ನೋಡುವುದೇ ತಪ್ಪೇ? ಹಾಗೆ ಹೇಳುವುದು ಸರಿಯಲ್ಲ. ದೇಶೀ ತಳಿಗಳು ಕಲಬೆರಕೆಯಾಗಿ ಅಳಿಯುತ್ತಿರುವ ಕಾಲದಲ್ಲಿ, ಜುಟ್ಟು ಹೇಗಿರಬೇಕು, ಕಾಲು ಹೇಗಿರಬೇಕು ಎಂದು ಬರೆದಿಡುವವರಿಲ್ಲದಿದ್ದರೆ ತಳಿಯೇ ಉಳಿಯದು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ತಳಿಗಳನ್ನು ನೋಂದಾಯಿಸುವಾಗ ಮಾಡುವುದೂ ಲಕ್ಷಣಗಳ ದಾಖಲೆಯನ್ನೇ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಕಾವ್ಯಲಕ್ಷಣ ಹೇಳುವುದಿಲ್ಲವೇ? ಲಕ್ಷಣ ಗುರುತಿಸಲು ಬೇಕು. ಗುರುತಿಸಿದ ಮೇಲೆ ಎದುರಿಗಿರುವುದನ್ನು ನೋಡುವುದು ಬಾಕಿ ಇರುತ್ತದೆ.

ಬಾಳ್ಳುಪೇಟೆಯ ಆ ಹಿರಿಯರು ಈಗಿಲ್ಲ. ಅವರು ಸಂತೆಯಿಂದ ತಂದ ಹುಂಜವೊಂದನ್ನು ಮಾರದೆ, ಕೊಯ್ಯದೆ, ಮುದಿಯಾಗುವವರೆಗೂ ಅಂಗಳದಲ್ಲಿ ಬಿಟ್ಟಿದ್ದರು. ಅದರ ಒಂದು ಕಾಲಿನ ಬೆರಳು ಡೊಂಕಾಗಿತ್ತು. ಶಾಸ್ತ್ರದ ಪ್ರಕಾರ ತ್ಯಾಜ್ಯ. ಲಕ್ಷಣವಿಲ್ಲದ ಹುಂಜವನ್ನು ಏಕೆ ತಂದಿರೆಂದು ನಾನು ಕೇಳಿದ್ದೆ. ‘ಕೊಳ್ಳುವವರು ಯಾರೂ ಇರಲಿಲ್ಲ, ಮಗಾ. ಬುಟ್ಟೀಲಿ ಅದೊಂದೇ ಉಳಿದಿತ್ತು’ ಎಂದರು. ಈಗ ಅಧ್ಯಾಪಕಿಯಾಗಿರುವ ಆ ವಿದ್ಯಾರ್ಥಿನಿ ಇದನ್ನು ಓದಿದರೆ, ಅವಳ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಸಂದಿತೆಂದು ಭಾವಿಸುತ್ತೇನೆ.